ಬಾಣ ಬೀಳಬಾರದು, ಅಷ್ಟೇ

ಬಹಳ ದಿನ ಆಯ್ತು ಇಲ್ಲಿ ಏನಾದ್ರೂ ಗೀಚಿ. ಆಫೀಸಿನ ರಿಲೀಸು, ವೀಕೆಂಡ್ ಸಪೋರ್ಟು ಅಂತ ಕಾರಣ ಹೇಳಬಹುದು. ನಿಜ ಏನಂದ್ರೆ ಬರೀಬೇಕಾಗಿದ್ದ ವಿಷಯ ಒಂದಿತ್ತು, ಅದನ್ನ ಬರೆಯೋ ಧೈರ್ಯ ಬಂದಿರಲಿಲ್ಲ, ಅದನ್ನ ಬಿಟ್ಟು ಬೇರೆ ಏನೋ ಬರೆಯೋಕೆ ಮನಸ್ಸೂ ಆಗ್ತಿರಲಿಲ್ಲ. ಕಳೆದ ಶನಿವಾರ ಒಂದು ಅಂಗಡಿಯಲ್ಲಿ ಮೈ ಉರಿಯೋ ಹಾಗೆ ಆಯ್ತು ನೋಡಿ, ಇವತ್ತು ಬರೆದೇ ಏಳೋದು ಅಂತ ಕೂತಿದೀನಿ. ಉದ್ದ ಆಗುತ್ತೆ, ಕಾಫಿ ಮಾಡ್ಕೊಂಡು ಬನ್ನಿ.

ನಮ್ಮ ಆಫೀಸಿಗೆ ಹೊಸದಾಗಿ ಬಂದಿರೋ ಹುಡುಗ ಒಬ್ಬ ಇದಾನೆ, ಹುಬ್ಬಳ್ಳಿ ಕಡೆಯವನು. ನಾನು ಬಿಲ್ಲು ಹಿಡಿದು ಕಾಡಿಗೆ ಹೋಗ್ತೀನಿ ಅಂತ ಗೊತ್ತಾದ ದಿನದಿಂದ "ಅಣ್ಣಾ, ನನಗೂ ಕಲಸ್ರಿ" ಅಂತ ಬೆನ್ನು ಹತ್ತಿದ್ದ. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಬೇಟೆಗೆ ಮೊದಲು ಒಂದು ಕೋರ್ಸ್ ಮಾಡಿ, ಪರೀಕ್ಷೆ ಪಾಸಾಗಿ, ಆಮೇಲೆ ಲೈಸೆನ್ಸ್ ತಗೋಬೇಕು. ಹುಡುಗ ಅದನ್ನೆಲ್ಲಾ ಮುಗಿಸಿ, ದುಡ್ಡು ಕೂಡಿಸಿ, ಶನಿವಾರ ಬಿಲ್ಲು ಕೊಳ್ಳೋಕೆ ಹೊರಟ. ನಾನೂ ಜೊತೆಗೆ ಹೋದೆ. ಬಿಲ್ಲು ಆರಿಸಿದ್ದಾಯ್ತು, ಬಾಣ ಆರಿಸಿದ್ದಾಯ್ತು. ಆರೋ ರೆಸ್ಟ್ ವಿಷಯ ಬಂದಾಗ ನಾನು ಗೋಡೆ ಮೇಲಿದ್ದ ಐವತ್ತು ಡಾಲರಿನ ಒಂದನ್ನ ತೋರಿಸಿದೆ. ಕೌಂಟರಿನ ಆಸಾಮಿ ನಕ್ಕುಬಿಟ್ಟ. ಅದು ಮಕ್ಕಳ ಬಿಲ್ಲಿಗೆ ಹಾಕೋದು, ನಿನ್ನ ಫ್ರೆಂಡು ಇಷ್ಟು ದುಡ್ಡು ಕೊಟ್ಟು ಇಷ್ಟು ಫಾಸ್ಟ್ ಬಿಲ್ಲು ತಗೊಂಡು ಅದಕ್ಕೆ ಬ್ರಷ್ ಅಂಟಿಸ್ತಾನಾ ಅಂದ. ಅಂದವನೇ ಇನ್ನೂರು ಡಾಲರಿನ ಡ್ರಾಪ್ ಅವೇ ತೆಗೆದಿಟ್ಟ. ನಾನು ವಾದ ಮಾಡಿದೆ. ಹುಡುಗ ನನ್ನ ಮುಖ ನೋಡಿದ, ಅವನ ಮುಖ ನೋಡಿದ, ಮೆಲ್ಲಗೆ "ಅಣ್ಣಾ, ಅಂವ ಹೇಳೂದೂ ಖರೆ ಇರಬಹುದಲ್ರೀ? ದಿನಾ ಇದೇ ಮಾಡ್ತಾನ ಅಂವ" ಅಂದ. ಕಾರ್ಡ್ ಉಜ್ಜಿದ. ನಾನು ಸೋತೆ.

ಅಂಗಡಿಯಲ್ಲಿ ಸೋತ ವಾದವನ್ನ ಇಲ್ಲಿ ಗೆಲ್ಲೋಣ ಅಂತ :-)

ಮೊದಲೇ ಒಂದು ಮಾತು. ಬೇಟೆ ಸರಿಯೋ ತಪ್ಪೋ ಅನ್ನೋದು ಇವತ್ತಿನ ವಿಷಯ ಅಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಕಥೆ ಪುಸ್ತಕಕ್ಕೆ ಸೇರಿದ ಮಾತು, ಅದು ಹಾಗೇ ಇರಲಿ ಅನ್ನೋನು ನಾನೂ. ಇಲ್ಲಿನ ಲೆಕ್ಕ ಬೇರೆ. ಬಿಳಿಬಾಲದ ಜಿಂಕೆಗಳು ಎಷ್ಟಿವೆ ಅಂದ್ರೆ, ರಾತ್ರಿ ಕಾರಿಗೆ ಸಿಕ್ಕಿ ಸತ್ತವನ್ನ ರಸ್ತೆ ಬದಿಯಲ್ಲಿ ನೋಡ್ಕೊಂಡೇ ಬೆಳಗ್ಗೆ ಆಫೀಸಿಗೆ ಹೋಗ್ತೀವಿ. ಹೆಣ್ಣು ಜಿಂಕೆಗೆ ಬೇರೆ ಲೈಸೆನ್ಸು, ಗಂಡಿಗೆ ಬೇರೆ ನಿಯಮ. "ಅಯ್ಯೋ ಪಾಪ ಜಿಂಕೆ" ಅನ್ನೋರಿಗೆ ನನ್ನ ವಿರೋಧ ಇಲ್ಲ. ಈ ಬರಹ ಪೂರ್ತಿ ಆ "ಅಯ್ಯೋ ಪಾಪ"ದ ಬಗ್ಗೇನೇ.

ಈಗ ಆರೋ ರೆಸ್ಟ್ ಅಂದ್ರೇನು? ಬಾಣದ ಹಿಂದಿನ ತುದಿ ಹೆದೆಗೆ ಸಿಕ್ಕಿಕೊಂಡಿರುತ್ತೆ. ಮುಂದಿನ ಭಾಗ ಎಲ್ಲೋ ಒಂದು ಕಡೆ ಕೂರಬೇಕಲ್ಲ? ಆ ಕೂರೋ ಜಾಗ. ಕನ್ನಡದಲ್ಲಿ ಆಸರೆ ಅನ್ನೋಣ. ನಮ್ಮ ಹಳೇ ಬಿಲ್ಲುಗಾರರಿಗೆ ಇದು ಬೇಕಿರಲಿಲ್ಲ, ಬಿಲ್ಲು ಹಿಡಿದ ಕೈಯೇ ಆಸರೆ. ಏಕಲವ್ಯ ಯಾಕೆ ಹೆಬ್ಬೆರಳು ಕೊಟ್ಟ ಹೇಳಿ? ಹೆಬ್ಬೆರಳಿನಿಂದ ಹೆದೆ ಎಳೆಯೋ ಪದ್ಧತಿಯಲ್ಲಿ ಅದಿಲ್ಲದೆ ಏನೂ ನಡೆಯಲ್ಲ. ಏಷ್ಯಾದ ಕಡೆ ಹಾಗೆ ಎಳೆಯೋರು, ಬಲಗೈಯಲ್ಲಿ ಎಳೆದ್ರೆ, ಬಾಣವನ್ನ ಬಿಲ್ಲಿನ ಬಲಬದಿಗೆ ಇಡ್ತಾರೆ, ಅದು ಎಡಗೈ ಹೆಬ್ಬೆರಳ ಮೇಲೆ ಕೂರುತ್ತೆ. ಯುರೋಪಿನವರು ಮೂರು ಬೆರಳಲ್ಲಿ ಎಳೀತಾರೆ, ಬಾಣ ಎಡಬದಿಗೆ. ಎರಡರಲ್ಲೂ ಬಾಣ ಬಿಲ್ಲಿನ ದಂಡವನ್ನ ಬಳಸಿ ಹೋಗಬೇಕು, ಅದಕ್ಕೆ ಬಿಟ್ಟ ಕೂಡಲೇ ಹಾವಿನ ಹಾಗೆ ಅಕ್ಕಪಕ್ಕ ಬಳುಕುತ್ತೆ. ಹಿಂದೆ ಕಟ್ಟಿರೋದು ಹಕ್ಕಿ ಗರಿ. ಎಲ್ಲಾದ್ರೂ ತಾಗಿದ್ರೂ ಮಡಚಿಕೊಂಡು ದಾಟಿಬಿಡುತ್ತೆ. ಸಾವಿರಾರು ವರ್ಷ ಇಷ್ಟೇ ಸಾಕಾಗಿತ್ತು.

ಆಮೇಲೆ ಮಿಸ್ಸೌರಿಯ ಹೊಲೆಸ್ ವಿಲ್ಬರ್ ಆಲೆನ್ ಬಂದ. 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಕಾಂಪೌಂಡ್ ಬಿಲ್ಲಿಗೆ ಪೇಟೆಂಟ್ ತಗೊಂಡ. ಬಿಲ್ಲಿನ ಎರಡು ತುದಿಗೆ ಗಾಲಿ, ನಡುವೆ ಹೆದೆ ಜೊತೆಗೆ ಕೇಬಲ್ಲುಗಳು. ಪೂರ್ತಿ ಎಳೆದ ಮೇಲೆ ಭಾರ ದಿಢೀರ್ ಅಂತ ಕಮ್ಮಿಯಾಗುತ್ತೆ, ನನ್ನಂಥಾ ಕೀಬೋರ್ಡ್ ಕುಟ್ಟೋ ಕೈ ಕೂಡ 60 ಪೌಂಡಿನ ಬಿಲ್ಲನ್ನ ಎಳೆದು ಹಿಡಿದು ಜಿಂಕೆ ತಿರುಗೋವರೆಗೂ ಕಾಯಬಹುದು. ಬೆರಳ ಬದಲು ಮಣಿಕಟ್ಟಿಗೆ ಕಟ್ಟಿದ ಟ್ರಿಗರ್‌ನಿಂದ ಹೆದೆ ಬಿಡೋದು. ಹಾಗೆ ಬಿಟ್ಟಾಗ ಬಾಣ ಅಕ್ಕಪಕ್ಕಕ್ಕಿಂತ ಮೇಲೆ ಕೆಳಗೆ ಹೆಚ್ಚು ಬಳುಕುತ್ತೆ. ಬಿಲ್ಲಿನ ನಡುದಂಡವನ್ನೂ ಕೊರೆದು ಬಾಣ ನಟ್ಟನಡುವೆ ಹೋಗೋ ಹಾಗೆ ಮಾಡಿದಾರೆ. ಬಾಣದ ಗರಿ ಈಗ ಗರಿ ಅಲ್ಲ, ಎರಡಿಂಚಿನ ಗಟ್ಟಿ ಪ್ಲಾಸ್ಟಿಕ್. ಅದು ಹಕ್ಕಿ ಗರಿ ತರ ಮಡಚಲ್ಲ. ಯಾವುದಕ್ಕಾದ್ರೂ ಬಡಿದ್ರೆ ಬಾಣದ ಬಾಲ ಒದ್ದ ಹಾಗೆ ಎಗರುತ್ತೆ. ಹೀಗಾಗಿ ಈ ಆಸರೆ ಅನ್ನೋ ಪುಟ್ಟ ಸಾಮಾನಿಗೆ ಇಷ್ಟು ಮಹತ್ವ ಬಂತು, ಜೊತೆಗೆ ಇಷ್ಟು ಜಗಳ.

ಅಂಗಡಿಯಲ್ಲಿ ಸಿಗೋ ಜಾತಿಗಳು ಹಲವು. ಟಾರ್ಗೆಟ್ ಸ್ಪರ್ಧೆಯವರು ಕಾಂಪೌಂಡಿಗೆ ತೆಳು ಸ್ಟೀಲ್ ಪಟ್ಟಿ ಒಂದನ್ನ ಹಾಕ್ತಾರೆ, ತುದಿ ಸೀಳಿರೋದ್ರಿಂದ ಹಲ್ಲಿ ನಾಲಿಗೆ ಅಂತಾನೇ ಅದರ ಹೆಸರು. ಅದ್ಭುತ ನಿಖರತೆ. ಆದ್ರೆ ಜೋರಾಗಿ ಸೀನಿದ್ರೆ ಬಾಣ ಉರುಳಿ ಬೀಳುತ್ತೆ, ಕಾಡಿಗೆ ಆಗಿಬರಲ್ಲ. ಹಿಂದೆ ಬೇಟೆಗಾರರು ಎರಡು ಮುಳ್ಳಿನ ಆಸರೆ ಇಟ್ಕೊಳ್ತಿದ್ರು, ಅದರದ್ದೂ ಇದೇ ಕಥೆ, ಮರದ ಮೇಲಿಂದ ಸ್ವಲ್ಪ ಬಗ್ಗಿದ್ರೆ ಬಾಣ ಪಕ್ಕಕ್ಕೆ ಜಾರಿ ಟಣ್ ಅನ್ನುತ್ತೆ. ಇವತ್ತು ಬೇಟೆ ಬಿಲ್ಲಿನ ವಿಷಯದಲ್ಲಿ ಕುಸ್ತಿ ಇರೋದು ಎರಡರ ನಡುವೆ.

ಒಂದು ವಿಸ್ಕರ್ ಬಿಸ್ಕಿಟ್. ಕನ್ನಡಕ್ಕೆ ತಂದ್ರೆ ಮೀಸೆ ಬಿಸ್ಕತ್ತು! ಒಂದು ಬಳೆ, ಬಳೆಯ ಒಳಗೆ ಸುತ್ತಲೂ ಬಿರುಸಾದ ಕೂದಲು, ನಡುವೆ ಬಾಣದ ದಪ್ಪಕ್ಕೆ ಒಂದು ತೂತು. ಬಾಣ ಅದರೊಳಗೆ ಕೂತ್ರೆ ಮುಗೀತು. ಬಿಲ್ಲನ್ನ ತಲೆಕೆಳಗೆ ಮಾಡಿ, ಬೀಳಲ್ಲ. ಅಲುಗಾಡೋ ಭಾಗ ಅಂತ ಒಂದೂ ಇಲ್ಲ. ಬಿಟ್ಟಾಗ ಬಾಣ, ಅದರ ಗರಿ ಸಮೇತ, ಕೂದಲ ಮಧ್ಯೆ ತೂರಿಕೊಂಡು ಹೋಗುತ್ತೆ.

ಇನ್ನೊಂದು ಡ್ರಾಪ್ ಅವೇ, ಅಂದ್ರೆ ಬೀಳೋ ಆಸರೆ (ಹೆಸರಲ್ಲೇ ಇದೆ ನೋಡಿ). ಒಂದು ಪುಟ್ಟ ಕವೆ. ಅದಕ್ಕೊಂದು ದಾರ, ದಾರದ ಇನ್ನೊಂದು ತುದಿ ಬಿಲ್ಲಿನ ಕೇಬಲ್ಲಿಗೆ. ಹೆದೆ ಎಳೆದಾಗ ಆ ಕೇಬಲ್ ಕೆಳಗೆ ಹೋಗುತ್ತೆ, ದಾರ ಬಿಗಿಯಾಗುತ್ತೆ, ಕವೆ ಎದ್ದು ನಿಂತು ಬಾಣವನ್ನ ಎತ್ತುತ್ತೆ. ಬಿಟ್ಟ ಕೂಡಲೇ ದಾರ ಸಡಿಲ, ಸ್ಪ್ರಿಂಗು ಕವೆಯನ್ನ ಕೆಳಕ್ಕೆ ಎಳೆಯುತ್ತೆ, ಅಷ್ಟು ಹೊತ್ತಿಗೆ ಬಾಣದ ಬಾಲ ಬಂದಿರುತ್ತೆ, ಗರಿಗೆ ಏನೂ ತಾಗೋದೇ ಇಲ್ಲ. ಕಾಗದದ ಮೇಲೆ ಇದಕ್ಕಿಂತ ಸುಂದರ ಐಡಿಯಾ ಇಲ್ಲ. ನಾನೂ ಮೊದಲ ಸಲ ನೋಡಿದಾಗ ಬಾಯಿ ಬಿಟ್ಟಿದ್ದೆ. ಮೊದಲ ಬಿಲ್ಲಿಗೆ ಅದನ್ನೇ ಹಾಕಿಸ್ಕೊಂಡೆ ಕೂಡ.

ಈಗ ಆ ಬರೀಬೇಕಾಗಿದ್ದ ವಿಷಯ.

ಎರಡು ವರ್ಷದ ಹಿಂದೆ, ನನ್ನ ಮೊದಲ ಸೀಸನ್ನು. ಅಕ್ಟೋಬರ್ ಕೊನೆ. ಪಕ್ಕದ ಮನೆಯ ಮುದುಕಪ್ಪ ಒಬ್ಬರಿದಾರೆ, ಎಪ್ಪತ್ತು ದಾಟಿದೆ, ಮನಸ್ಸಲ್ಲಿ ನಾನು ಅಜ್ಜ ಅಂತಾನೇ ಕರೆಯೋದು. ಅವರ ತಮ್ಮನ ಜಮೀನಿನ ಅಂಚಲ್ಲಿ ಓಕ್ ಮರಕ್ಕೆ ಅಟ್ಟಣೆ ಕಟ್ಟಿದ್ವಿ. ಸಂಜೆ ಐದೂವರೆ ಸುಮಾರಿಗೆ ಒಂದು ಹೆಣ್ಣು ಜಿಂಕೆ ಬಂತು. ಇಪ್ಪತ್ತು ಗಜ ಇರಬಹುದು. ಬೇಸಿಗೆ ಪೂರ್ತಿ ಇದೇ ದೂರಕ್ಕೆ ಹೊಡೆದು ಹೊಡೆದು ಟೀ ಲೋಟದ ಬಾಯಷ್ಟು ಜಾಗದಲ್ಲಿ ಬಾಣ ಗುಂಪು ಹಾಕ್ತಿದ್ದವನು ನಾನು. ಭುಜದ ಹಿಂದೆ ಗುರಿ ಇಟ್ಟೆ, ಉಸಿರು ಬಿಟ್ಟೆ, ಟ್ರಿಗರ್ ಒತ್ತಿದೆ. ಬಾಣ ಹೋಗಿದ್ದು ನೋಡಿದೆ. ನೆಟ್ಟಗೆ ಹೋಗಲಿಲ್ಲ ಅದು, ಬಾಲ ಎತ್ತಿಕೊಂಡು ಒದ್ದಾಡ್ತಾ ಹೋಯ್ತು. ಗುರಿಯಿಂದ ಒಂದು ಗೇಣು ಹಿಂದೆ ನೆಟ್ಟಿತು.

ಎದೆಗೆ ಬಿದ್ದ ಜಿಂಕೆ ಓಡುತ್ತೆ. ಇದು ಓಡಲಿಲ್ಲ. ಬೆನ್ನು ಗೂನು ಮಾಡ್ಕೊಂಡು, ಹೊಟ್ಟೆನೋವು ಬಂದ ಮನುಷ್ಯರ ಹಾಗೆ, ನಿಧಾನಕ್ಕೆ ನಡೆದು ಪೊದೆಯೊಳಗೆ ಹೋಯ್ತು. ಇಳಿದು ಹೋಗಿ ನೋಡಿದ್ರೆ ಬಾಣದ ಮೇಲೆ ರಕ್ತ ಕಮ್ಮಿ, ಹಸಿರು ಮಿಶ್ರಿತ ಕಂದು ಬಣ್ಣ, ವಾಸನೆ. ಅಜ್ಜನಿಗೆ ಫೋನ್ ಮಾಡಿದೆ. ಅವರು ಬಂದು ಬಾಣ ಮೂಸಿ ನೋಡಿ, ಏನೂ ಬೈಯ್ಯದೆ, ಬೆಳಗ್ಗೆವರೆಗೂ ಹಿಂದೆ ಹೋಗೋ ಹಾಗಿಲ್ಲ ಅಂದ್ರು. ಹೊಟ್ಟೆಗೆ ಬಿದ್ದ ಜಿಂಕೆ ಹತ್ತಿರದಲ್ಲೇ ಮಲಗುತ್ತೆ, ಈಗ ಎಬ್ಬಿಸಿದ್ರೆ ಮೈಲಿಗಟ್ಟಲೆ ಹೋಗಿಬಿಡುತ್ತೆ, ಸಿಗೋದೇ ಇಲ್ಲ. ಹನ್ನೆರಡು ಗಂಟೆ ಬಿಡಬೇಕು. ರಾತ್ರಿ ಹನ್ನೊಂದಕ್ಕೆ ಮಳೆ ಶುರುವಾಯ್ತು. ನಾನು ಕಿಟಕಿ ಪಕ್ಕ ಕೂತು ಆ ಮಳೆ ಪೂರ್ತಿ ಕೇಳಿಸ್ಕೊಂಡೆ. ಬೆಳಗ್ಗೆ ಅದು ಮಲಗಿದ್ದ ಜಾಗ ಸಿಕ್ತು, ಒದ್ದೆ ಎಲೆ, ಒಂದಿಷ್ಟು ರಕ್ತ. ಅಲ್ಲಿಂದ ಮುಂದೆ ಒಂದು ಹನಿಯೂ ಇಲ್ಲ. ಸಂಜೆವರೆಗೂ ಚೌಕ ಚೌಕ ಮಾಡ್ಕೊಂಡು ಹುಡುಕಿದ್ವಿ, ಎಪ್ಪತ್ತು ದಾಟಿದ ಮನುಷ್ಯ ಮುಳ್ಳುಕಂಟಿಯೊಳಗೆ ತೆವಳಿಕೊಂಡು ಹುಡುಕಿದ್ರು. ಸಿಗಲಿಲ್ಲ.

ಆ ಭಾನುವಾರ ಅಮ್ಮನ ಫೋನು. ಬೇಟೆ ಅಂದ್ರೆ ಮಾತೇ ಬಿಡ್ತಾರೆ ನಮ್ಮಮ್ಮ, ತೀರ್ಥಹಳ್ಳಿ ಕಡೆ ಹುಟ್ಟಿದ್ರೂ ಸೈ. ಯಾಕೋ ಮುಚ್ಚಿಡೋಕೆ ಆಗದೆ ಹೇಳಿಬಿಟ್ಟೆ. ಬೈಗುಳ ಬರುತ್ತೆ ಅಂತ ಕಾದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಮ್ಮ ಕೇಳಿದ್ದು ಒಂದೇ, "ಅಲ್ಲ ಮಗಾ, ಅದು ಸತ್ತಿತಾ, ಇಲ್ಲ ಇನ್ನೂ ನರಳ್ತಾ ಇದ್ಯಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮನೆಗೆ ಬಂದು ಬಿಲ್ಲು ಬಿಚ್ಚಿ ನೋಡಿದೆ. ದಾರವನ್ನ ಕೇಬಲ್ಲಿಗೆ ಕಚ್ಚಿಸಿದ್ದ ಪುಟ್ಟ ಕ್ಲಾಂಪು ಅರ್ಧ ಇಂಚು ಮೇಲಕ್ಕೆ ಜಾರಿತ್ತು. ಎಲ್ಲಿತ್ತು ಅನ್ನೋದಕ್ಕೆ ಕೇಬಲ್ ಮೇಲೆ ಅದು ಒತ್ತಿದ್ದ ಗುರುತು ಸ್ಪಷ್ಟವಾಗಿತ್ತು. ಜಾರಿದ್ರಿಂದ ಪೂರ್ತಿ ಎಳೆದಾಗಲೂ ಕವೆ ಪೂರ್ತಿ ಎದ್ದು ನಿಲ್ತಾ ಇರಲಿಲ್ಲ, ಬಾಣದ ಮೊನೆ ಕೆಳಗೆ ಬಾಲ ಮೇಲೆ. ಗ್ಯಾರೇಜಿನಲ್ಲಿ ಒಂದು ಚೌಕಟ್ಟಿಗೆ ಕಾಗದ ಕಟ್ಟಿ ಹತ್ತಿರದಿಂದ ಹೊಡೆದೆ. ಸರಿಯಿದ್ರೆ ಒಂದು ದುಂಡು ತೂತು, ಸುತ್ತ ಗರಿಯ ಮೂರು ಗೀರು ಬೀಳಬೇಕು. ನನಗೆ ಬಿದ್ದಿದ್ದು ಒಂದಿಂಚು ಉದ್ದಕ್ಕೆ ಮೇಲಕ್ಕೆ ಹರಿದ ಸೀಳು. ಅಭ್ಯಾಸದ ಗುಂಡು ಮೊನೆ ಆಗಿದ್ರೆ ಗರಿಗಳು ಅಷ್ಟೋ ಇಷ್ಟೋ ತಿದ್ದಿಕೊಳ್ತಿದ್ವು. ಬೇಟೆಯ ಮೊನೆಗೆ ಅಗಲವಾದ ಅಲಗು, ಅದು ಬಾಣದ ಮುಂದೆ ಇನ್ನೊಂದು ರೆಕ್ಕೆ ಇದ್ದ ಹಾಗೆ. ಓರೆಯಾಗಿ ಹೊರಟ್ರೆ ಅದೇ ಬಾಣವನ್ನ ಬೇರೆ ಕಡೆ ಎಳ್ಕೊಂಡು ಹೋಗುತ್ತೆ. ಜಿಂಕೆಯೂ ಆ ಕ್ಷಣ ಅರ್ಧ ಹೆಜ್ಜೆ ಮುಂದಿಟ್ಟಿರಬಹುದು, ನಾನು ಕೈ ಅಲುಗಿಸಿರಬಹುದು. ಎಲ್ಲಾ ತಪ್ಪು ಕ್ಲಾಂಪಿನದ್ದೇ ಅಂತ ಹೇಳಿ ಕೈತೊಳ್ಕೊಳ್ಳಲ್ಲ. ಆದ್ರೆ ಆ ಸೀಳು ಕಾಗದ ಸುಳ್ಳು ಹೇಳಲ್ಲ. ಅದನ್ನ ಇನ್ನೂ ಇಟ್ಕೊಂಡಿದೀನಿ.

ಸರಿ, ಈಗ ಕೌಂಟರಿನ ಆಸಾಮಿಯ ವಾದಗಳಿಗೆ ಬರೋಣ. ಅವನೊಬ್ಬನದ್ದಲ್ಲ, ಬಿಲ್ಲು ಹಿಡಿದೋರಲ್ಲಿ ಮುಕ್ಕಾಲು ಜನ ಹೇಳೋದು ಇದನ್ನೇ.

"ಬಿಸ್ಕಿಟ್ ಸ್ಪೀಡ್ ತಿನ್ನುತ್ತೆ." ತಿನ್ನುತ್ತೆ. ಕೂದಲ ಮಧ್ಯೆ ಉಜ್ಜಿಕೊಂಡು ಹೋದ್ರೆ ತಿನ್ನದೇ ಇರುತ್ತಾ? ಎಷ್ಟು ತಿನ್ನುತ್ತೆ ಅನ್ನೋದು ಪ್ರಶ್ನೆ. ನನ್ನ ಬಿಲ್ಲಲ್ಲಿ ಎರಡನ್ನೂ ಹಾಕಿ ಕ್ರೋನೋಗ್ರಾಫ್ ಮುಂದೆ ಹೊಡೆದಿದೀನಿ. ಸೆಕೆಂಡಿಗೆ 260 ಅಡಿ ಇದ್ದದ್ದು 257 ಆಯ್ತು. ಲೆಕ್ಕ ಮಾಡೋಣ, ಇಂಜಿನಿಯರಿಂಗ್ ಓದಿದ್ದು ಅಷ್ಟಕ್ಕಾದ್ರೂ ಉಪಯೋಗ ಆಗಲಿ. 20 ಗಜ ಅಂದ್ರೆ 60 ಅಡಿ. ಮೊದಲನೆಯದಕ್ಕೆ 0.231 ಸೆಕೆಂಡು, ಎರಡನೆಯದಕ್ಕೆ 0.233. ವ್ಯತ್ಯಾಸ ಮೂರು ಮಿಲಿಸೆಕೆಂಡಿಗಿಂತ ಕಮ್ಮಿ. ಗುರುತ್ವದಿಂದ ಬಾಣ ಹೆಚ್ಚುವರಿ ಇಳಿಯೋದು ಸುಮಾರು ಆರು ಮಿಲಿಮೀಟರ್, ಅದೂ ಸೈಟ್ ಪಿನ್ ಹೊಸದಾಗಿ ಹೊಂದಿಸದೇ ಇದ್ರೆ. ಜಿಂಕೆಯ ಎದೆಗೂಡಲ್ಲಿ ನಾವು ಗುರಿ ಇಡೋ ಜಾಗ ಒಂದು ಊಟದ ತಟ್ಟೆಯಷ್ಟಿರುತ್ತೆ. ಆರು ಮಿಲಿಮೀಟರಿಗೆ ಜಗಳ ಆಡ್ತಾ ಇದೀವಾ?

ಫಾಸ್ಟ್ ಬಾಣ ಆದ್ರೆ ಜಿಂಕೆಗೆ ತಪ್ಪಿಸ್ಕೊಳ್ಳೋಕೆ ಟೈಮ್ ಸಿಗಲ್ಲ ಅಂತಾರೆ. ಶಬ್ದ ಸೆಕೆಂಡಿಗೆ 1,100 ಅಡಿಗೂ ಮೇಲೆ ಓಡುತ್ತೆ ಸ್ವಾಮಿ. ಬಿಲ್ಲಿನ ಟಪ್ ಅನ್ನೋ ಸದ್ದು 60 ಅಡಿ ದಾಟೋಕೆ 0.05 ಸೆಕೆಂಡು ಸಾಕು. ಬಾಣ ತಲುಪೋದು 0.23ಕ್ಕೆ. ನಡುವೆ 0.18 ಸೆಕೆಂಡು ಜಿಂಕೆಗೆ ಸಿಕ್ಕೇ ಸಿಗುತ್ತೆ, ಹೆದರಿದ ಜಿಂಕೆ ಓಡೋಕೆ ಮೊದಲು ಕಾಲು ಮಡಚಿ ಕುಸಿಯುತ್ತಲ್ಲ, ಅದು ಆಗೋದೇ ಆ ಸಮಯದಲ್ಲಿ. ಮೂರು ಮಿಲಿಸೆಕೆಂಡು ಉಳಿಸಿ ಅದನ್ನ ಗೆಲ್ಲೋಕೆ ಆಗಲ್ಲ. ಸದ್ದು ಕಮ್ಮಿ ಮಾಡಿ, ಜಿಂಕೆ ನಿರಾಳವಾಗಿ ಮೇಯ್ತಾ ಇರುವಾಗ ಹೊಡೀರಿ, ಹತ್ತಿರ ಬರೋವರೆಗೆ ಕಾಯಿರಿ. ಅದಕ್ಕೆಲ್ಲ ಪ್ಯಾಕೆಟ್ ಮೇಲೆ ನಂಬರ್ ಇಲ್ಲ, ಅದಕ್ಕೇ ಮಾರೋಕೆ ಆಗಲ್ಲ.

ಬಿಲ್ಲಿನ ಮೇಲೆ ಅಚ್ಚು ಹಾಕಿರ್ತಾರಲ್ಲ, ಸೆಕೆಂಡಿಗೆ 340 ಅಡಿ, 350 ಅಡಿ ಅಂತ, ಅದು ಹೇಗೆ ಅಳೆದದ್ದು ಗೊತ್ತಾ? 70 ಪೌಂಡ್ ಭಾರ, 30 ಇಂಚಿನ ಎಳೆತ, 350 ಗ್ರೇನಿನ ಹಗುರ ಬಾಣ ಇಟ್ಟು. ಐದಡಿ ಆರಿಂಚಿನ ನನ್ನಂಥವನ ಕೈಗೆ 30 ಇಂಚು ಎಳೆತ ಬರೋದೇ ಇಲ್ಲ, ಆ ಹಗುರದ ಬಾಣ ಬೇಟೆಗೆ ನಾನು ಇಡೋದೂ ಇಲ್ಲ. ನಮ್ಮೂರ ಬೈಕಿನ ಜಾಹೀರಾತಲ್ಲಿ ಮೈಲೇಜು ಬರೆದ ಹಾಗೆ. ಆ ಸುಳ್ಳಲ್ಲದ ಸುಳ್ಳಿನ ನಂಬರಿನಿಂದ ಮೂರು ಅಡಿ ಹೋಗುತ್ತೆ ಅಂತ ಎದೆ ಬಡ್ಕೊಳ್ತೀವಿ!

"ಗರಿ ತಾಗಿದ್ರೆ ನಿಖರತೆ ಹಾಳು." ಇದರಲ್ಲಿ ಸತ್ಯ ಇದೆ, ಒಪ್ತೀನಿ. ಅರವತ್ತು ಎಪ್ಪತ್ತು ಗಜಕ್ಕೆ ಟಾರ್ಗೆಟ್ ಹೊಡೆಯೋನಿಗೆ ಡ್ರಾಪ್ ಅವೇ ಗುಂಪು ಬಿಗಿಯಾಗೇ ಬರುತ್ತೆ. ಆದ್ರೆ ಬಿಸ್ಕತ್ತಿನಲ್ಲಿ ಗರಿ ತಾಗೋದು ಪ್ರತಿ ಸಲ, ಒಂದೇ ರೀತಿ. ಒಂದು ಗರಿ ನೇರ ಮೇಲಕ್ಕೆ ಇರೋ ಹಾಗೆ ಬಾಣ ಹೂಡಿದ್ರೆ ಉಳಿದೆರಡು ಕೆಳಗಿನ ಗಟ್ಟಿ ಕೂದಲಿನ ಅಕ್ಕಪಕ್ಕ ಸರಾಗವಾಗಿ ಹೋಗ್ತವೆ. ಅದಕ್ಕೆ ತಕ್ಕ ಹಾಗೆ ಒಂದ್ಸಲ ಹೊಂದಿಸಿದ್ರೆ ಮುಗೀತು, ನಾಳೆಯೂ ಅಷ್ಟೇ, ಮುಂದಿನ ತಿಂಗಳೂ ಅಷ್ಟೇ. ಡ್ರಾಪ್ ಅವೇ ಸರಿ ಇದ್ದಾಗ ಏನೂ ತಾಗಲ್ಲ, ಕೆಟ್ಟ ದಿನ ಲೋಹದ ಕವೆಯೇ ಬಾಣದ ಬಾಲಕ್ಕೆ ಒದೆಯುತ್ತೆ. ಸಣ್ಣ, ಗೊತ್ತಿರೋ ದೋಷ ದಿನಾ ಬೇಕಾ? ಯಾವತ್ತೋ ಒಂದಿನ ಹೇಳದೆ ಕೇಳದೆ ಬರೋ ದೊಡ್ಡ ದೋಷ ಬೇಕಾ? ಇಲ್ಲಿ ಓದ್ತಾ ಇರೋರಲ್ಲಿ ಅರ್ಧ ಜನ ಸಾಫ್ಟ್‌ವೇರಿನೋರೇ. ಪ್ರೊಡಕ್ಷನ್‌ಗೆ ಯಾವುದನ್ನ ಕಳಿಸ್ತೀರಿ ನೀವು?

ನನ್ನ ಅಸಲು ತಕರಾರು ಇಲ್ಲೇ ಇರೋದು. ಆಫೀಸಲ್ಲಿ ಡಿಸೈನ್ ರಿವ್ಯೂ ಕೂತಾಗ ನಾವು ಮೊದಲು ಕೇಳೋ ಪ್ರಶ್ನೆ "ಇದು ಕೆಟ್ಟರೆ ಏನಾಗುತ್ತೆ?" ಅಂತ. ಸರ್ವರ್ ಬಿದ್ರೆ ಹಳೇ ಡೇಟಾ ತೋರಿಸುತ್ತಾ, ತಪ್ಪು ಡೇಟಾ ತೋರಿಸುತ್ತಾ, ಏನೂ ತೋರಿಸಲ್ವಾ? ಅಷ್ಟು ಕೊರೆಯೋ ನಾನು, ಒಂದು ಜೀವದ ಮೇಲೆ ಪ್ರಯೋಗಿಸೋ ಸಾಮಾನು ಕೊಳ್ಳೋವಾಗ ಒಂದೇ ಒಂದು ಸಲ ಆ ಪ್ರಶ್ನೆ ಕೇಳಲಿಲ್ಲ. ಬಾಯಿ ಬಿಟ್ಕೊಂಡು ನಂಬರ್ ನೋಡ್ದೆ. ಅಂಗಡಿಯವನಿಗೆ ಬೈಯ್ಯೋ ಮೊದಲು ನನಗೇ ಬೈಕೊಂಡಿದೀನಿ.

ಕೇಳಿ ನೋಡಿ ಈಗ. ಬಿಸ್ಕತ್ತು ಹೇಗೆ ಕೆಡುತ್ತೆ? ಕೂದಲು ಸವೆಯುತ್ತೆ, ನಿಧಾನಕ್ಕೆ, ಕಣ್ಣಿಗೆ ಕಾಣೋ ಹಾಗೆ. ಬಾಣ ಒಂಚೂರು ಕೆಳಗೆ ಕೂತಂತೆ ಕಾಣುತ್ತೆ, ಹೊಸ ಬಿಸ್ಕತ್ತು ತಂದು ಹಾಕ್ತೀರಿ. ಕೇಬಲ್ಲಿಗೆ ಕಟ್ಟೋ ಡ್ರಾಪ್ ಅವೇ ಹೇಗೆ ಕೆಡುತ್ತೆ? ದಾರ ಕಡಿದ್ರೆ ಕವೆ ಏಳೋದೇ ಇಲ್ಲ, ಪುಣ್ಯ, ಆಗ ನಾವು ಹೊಡೆಯೋದೂ ಇಲ್ಲ. ದಾರ ಜಾರಿದ್ರೆ? ಅರ್ಧ ಏಳುತ್ತೆ. ಸಂಜೆಯ ಮಬ್ಬಿನಲ್ಲಿ, ಎದೆ ಡವಡವ ಅಂತಿರುವಾಗ, ಆ ಅರ್ಧ ಕಣ್ಣಿಗೆ ಕಾಣಲ್ಲ. ಇದೇ ಭಯಂಕರ. ಪೂರ್ತಿ ಕೆಡೋದಕ್ಕಿಂತ ಅರ್ಧ ಕೆಡೋದು ಕೆಟ್ಟದ್ದು.

ಡ್ರಾಪ್ ಅವೇಗಳಲ್ಲೂ ಇನ್ನೊಂದು ಜಾತಿ ಇದೆ, ದಾರವನ್ನ ಕೇಬಲ್ಲಿಗಲ್ಲ, ಬಿಲ್ಲಿನ ರೆಕ್ಕೆಗೇ ಕಟ್ಟೋದು. ಅದರ ಸ್ಪ್ರಿಂಗು ಉಲ್ಟಾ, ಕವೆಯನ್ನ ಸದಾ ಮೇಲಕ್ಕೆ ಎತ್ತುತ್ತೆ. ಬಿಲ್ಲು ಸುಮ್ಮನಿದ್ದಾಗ ದಾರವೇ ಅದನ್ನ ಕೆಳಗೆ ಹಿಡಿದಿಟ್ಟಿರುತ್ತೆ. ಎಳೆದಾಗ ದಾರ ಸಡಿಲ, ಕವೆ ತಾನಾಗೇ ಮೇಲೆ. ಹಾಗಾಗಿ ದಾರ ಕಡಿದ್ರೂ ಕವೆ ಮೇಲೇ ನಿಂತಿರುತ್ತೆ, ಮಾಮೂಲಿ ಆಸರೆ ತರ. ಗರಿ ತಾಗುತ್ತೆ ನಿಜ, ಬಾಣವಂತೂ ಸರಿಯಾದ ಎತ್ತರದಲ್ಲೇ ಇರುತ್ತೆ. ಇದನ್ನ ಯೋಚಿಸಿದ ಪುಣ್ಯಾತ್ಮ ಯಾರೋ ಆ ಪ್ರಶ್ನೆ ಕೇಳಿಕೊಂಡಿದ್ದ ಅಂತ ಕಾಣುತ್ತೆ. ನಿಮಗೆ ಬೀಳೋ ಆಸರೆಯೇ ಬೇಕು ಅಂದ್ರೆ ಅದನ್ನ ತಗೊಳ್ಳಿ, ನಾನು ಮಾತಾಡಲ್ಲ. ಹುಡುಗನಿಗೆ ಮಾರಿದ್ದು ಇದಲ್ಲ, ಕೇಬಲ್ಲಿಂದು, ಅದೇ ಕ್ಲಾಂಪಿಂದು.

ಇನ್ನೊಂದು ಸಂಗತಿ ಅಂಗಡಿಯ ಕಾರ್ಪೆಟ್ ಮೇಲೆ ನಿಂತು ಹೊಡೆಯೋವಾಗ ಗೊತ್ತಾಗಲ್ಲ. ಕಾಡಲ್ಲಿ ಹೊಡೆಯೋದು ಕಮ್ಮಿ, ಹೊಡೆಯದೇ ಇರೋದು ಜಾಸ್ತಿ. ಹೆದೆ ಎಳೆದು ನಿಂತಿರ್ತೀರಿ, ಜಿಂಕೆ ಮರದ ಹಿಂದೆ ಹೋಗುತ್ತೆ, ನಿಧಾನಕ್ಕೆ ಹೆದೆ ಇಳಿಸಬೇಕು. ಸಾದಾ ಡ್ರಾಪ್ ಅವೇಗಳಲ್ಲಿ ಹಾಗೆ ಇಳಿಸೋವಾಗ ಕವೆಯೂ ಇಳಿಯುತ್ತೆ, ಬಾಣ ಆಚೀಚೆ ಆಗಿ ಬಿಲ್ಲಿಗೆ ಟಕ್ ಅಂತ ತಾಗಿದ್ರೆ ಆ ದಿನದ ಕಥೆ ಮುಗೀತು. (ಇಳಿಸಿದಾಗ ಮೇಲೇ ನಿಲ್ಲೋ ಮಾದರಿಗಳೂ ಬಂದಿವೆ, ಅವುಗಳ ಬೆಲೆ ನೋಡಿ ಆಮೇಲೆ ಮಾತಾಡಿ.) ಮೂರು ಗಂಟೆ ಅಟ್ಟಣೆ ಮೇಲೆ ಕೂತಿರ್ತೀರಿ, ಬಿಲ್ಲು ತೊಡೆ ಮೇಲೆ ಅಡ್ಡ, ಚಳಿಗೆ ಬೆರಳು ಮರಗಟ್ಟಿದೆ. ಆಗ ಬಾಣ ತನ್ನ ಪಾಡಿಗೆ ಬಳೆಯೊಳಗೆ ಕೂತಿದೆ ಅನ್ನೋ ನೆಮ್ಮದಿಗೆ ಅಡಿಯಲ್ಲಿ ಸೆಕೆಂಡಿನಲ್ಲಿ ಲೆಕ್ಕ ಇಲ್ಲ.

ಬಿಸ್ಕತ್ತಿಗೆ ದೋಷ ಇಲ್ಲ ಅಂತಲ್ಲ. ಹಕ್ಕಿ ಗರಿಯ ಬಾಣಕ್ಕೆ ಅದನ್ನ ಹಾಕಬೇಡಿ, ಗರಿ ಚಿಂದಿಯಾಗುತ್ತೆ. ಪ್ಲಾಸ್ಟಿಕ್ ಗರಿಯೂ ಕ್ರಮೇಣ ಸುಕ್ಕಾಗುತ್ತೆ, ನಾನು ವರ್ಷಕ್ಕೊಮ್ಮೆ ಕೂತು ಹೊಸದು ಅಂಟಿಸ್ತೀನಿ. ಎಳೆಯೋವಾಗ ಸಣ್ಣಗೆ ಸರ್ ಅನ್ನೋ ಸದ್ದಿದೆ. ಹೆಪ್ಪುಗಟ್ಟೋ ಮಳೆ ಬಿದ್ರೆ ಕೂದಲೆಲ್ಲ ಮಂಜುಗಡ್ಡೆಯಾಗಿ ಸೆಟೆದುಕೊಳ್ಳುತ್ತೆ, ಡಿಸೆಂಬರಿನಲ್ಲಿ ಇದು ನಿಜವಾದ ತೊಂದರೆ, ಆಗಾಗ ಬೆರಳಲ್ಲಿ ಉದುರಿಸ್ತಾ ಕೂರಬೇಕು. ಈಚಿನ ಸಣ್ಣ ವ್ಯಾಸದ ಬಾಣಗಳು ದೊಡ್ಡ ತೂತಿನ ಬಿಸ್ಕತ್ತಿನಲ್ಲಿ ಲೊಡಲೊಡ ಅಂತವೆ, ಅಳತೆ ನೋಡಿ ತಗೋಬೇಕು. ಇಷ್ಟೆಲ್ಲಾ ದೋಷಗಳನ್ನ ನಾನು ಇಲ್ಲಿ ಕೂತು ನಿಮಗೆ ಹೇಳೋಕೆ ಆಗ್ತಿದೆ ನೋಡಿ, ಅದೇ ಅದರ ಗುಣ. ಅದು ಏನನ್ನೂ ಮುಚ್ಚಿಡಲ್ಲ.

"ಮಕ್ಕಳ ಆಸರೆ" ಅಂದ ನೋಡಿ, ಆ ಮಾತು ನನಗೆ ಎಲ್ಲದಕ್ಕಿಂತ ಜಾಸ್ತಿ ಚುಚ್ಚಿದ್ದು. ಮಕ್ಕಳಿಗೆ ಯಾಕೆ ಹಾಕ್ತಾರೆ ಅದನ್ನ? ಮಕ್ಕಳು ಬಿಲ್ಲನ್ನ ಓರೆ ಹಿಡೀತಾರೆ, ಕೈ ನಡುಗುತ್ತೆ, ಗಮನ ಎಲ್ಲೋ ಇರುತ್ತೆ ಅಂತ. ಇಪ್ಪತ್ತು ಗಜದಲ್ಲಿ ಜಿಂಕೆ ನಿಂತಾಗ ನನ್ನ ಕೈ ನಡುಗುತ್ತೆ, ಅಜ್ಜನ ಕೈಯೂ ನಡುಗುತ್ತೆ, ಐವತ್ತು ಸೀಸನ್ ನೋಡಿದ ಮನುಷ್ಯ. ನಡುಗದೇ ಇರೋನು ಬೇಟೆ ಬಿಟ್ಟುಬಿಡೋದು ಒಳ್ಳೇದು ಅಂತ ಅವರೇ ಅಂತಾರೆ. ಅವರ ಬಿಲ್ಲಲ್ಲಿ ಯಾವ ಆಸರೆ ಇದೆ ಅಂತ ಬೇರೆ ಹೇಳಬೇಕಾ?

ನಿನ್ನೆ ಸಂಜೆ ಹುಡುಗ ಹೊಸ ಬಿಲ್ಲು ಎತ್ಕೊಂಡು ನಮ್ಮ ಗ್ಯಾರೇಜಿಗೆ ಬಂದ. ನಾನು ವಾದ ಮಾಡಲಿಲ್ಲ. ಬಾಣ ಹೂಡು ಅಂದೆ, ಹೂಡಿದ. ಈಗ ಬಿಲ್ಲನ್ನ ನಿಧಾನಕ್ಕೆ ತಲೆಕೆಳಗೆ ಮಾಡು ಅಂದೆ. ಬಾಣ ಸಿಮೆಂಟಿನ ಮೇಲೆ ಬಿದ್ದು ಉರುಳ್ಕೊಂಡು ಹೋಗಿ ಕಾರಿನ ಕೆಳಗೆ ಸೇರ್ತು. ನನ್ನ ಬಿಲ್ಲು ಕೊಟ್ಟೆ, ಅದನ್ನೂ ಹಾಗೇ ಮಾಡಿದ. ಎರಡು ಸಲ ಅಲ್ಲಾಡಿಸಿಯೂ ನೋಡಿದ. ಆಮೇಲೆ ಕ್ಲಾಂಪು ಎಲ್ಲಿದೆ ತೋರಿಸಿದೆ, ಅದರ ಮೇಲೆ ಕೆಳಗೆ ಬಿಳಿ ಮಾರ್ಕರಿನಲ್ಲಿ ಎರಡು ಗೆರೆ ಹಾಕಿಕೊಟ್ಟೆ, ಆ ಹರಿದ ಕಾಗದವನ್ನೂ ತೆಗೆದು ತೋರಿಸಿದೆ. ಜಿಂಕೆ ವಿಷಯ ಅವನಿಗೆ ಹೇಳಿದ್ದು ಅದೇ ಮೊದಲು. ಬಹಳ ಹೊತ್ತು ಸುಮ್ಮನಿದ್ದ. ಹೊರಡೋವಾಗ "ಅಣ್ಣಾ, ರಸೀದಿ ಇನ್ನೂ ಐತ್ರಿ ನನ್ನ ಹತ್ರ" ಅಂದ.

ವಾಪಸ್ ಕೊಟ್ನೋ ಇಲ್ವೋ ಗೊತ್ತಿಲ್ಲ, ನಾನೂ ಕೇಳಿಲ್ಲ. ಸೀಸನ್ ಶುರುವಾಗೋಕೆ ಇನ್ನೂ ಮೂರು ವಾರ ಇದೆ.